ಮಾರಿಸ್ ಕಾರಿಗೆ ಕೈ ಹಚ್ಚುವ ಶಾಸ್ತ್ರ

ದಟ್ಟಗಳ್ಳಿಯಲ್ಲಿ ನಮ್ಮ ಅಡ್ಡರಸ್ತೆಯ ಗಂಡಸರಿಗೆ ವ್ಯಾಯಾಮದ ಕೊರತೆ ಎಂಬುದು ಯಾವತ್ತೂ ಇರಲಿಲ್ಲ. ಬೆಳಿಗ್ಗೆ ಕಾಫಿ ಮುಗಿಸಿ ಗೇಟಿಗೆ ಬಂದರೆ ಸಾಕು, ಅನಂತಪದ್ಮನಾಭ ರಾಯರ ಮಾರಿಸ್ ಮೈನರ್ ಕಾರು ನಮ್ಮನ್ನು ಕಾಯುತ್ತಾ ನಿಂತಿರುತ್ತಿತ್ತು. ನಾವು ತಳ್ಳುತ್ತಿದ್ದೆವು, ಅದು ಹೊರಡುತ್ತಿತ್ತು. ಹಿಂದಿನ ಬಲಗಡೆಯ ಮಡ್‌ಗಾರ್ಡು ನನ್ನದು. ಎಡಗಡೆಯದು ಅಂಚೆ ಇಲಾಖೆಯಿಂದ ನಿವೃತ್ತರಾದ ಮಹದೇವಯ್ಯನವರದು. ನಡುವಿನ ಜಾಗ, ಅಂದರೆ ಹೊಗೆ ಬರುವ ಜಾಗ, ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಮೀಸಲು. ಮನೆ ಖಾಲಿ ಮಾಡುವವರೆಗೂ ಅವರಿಗೆ ಬಡ್ತಿ ಸಿಗುತ್ತಿರಲಿಲ್ಲ.

ರಾಯರು ವಿಮಾ ಕಚೇರಿಯಲ್ಲಿ ಗುಮಾಸ್ತರು. ಅವರ ತಂದೆ ಅರಮನೆಯ ದಫ್ತರದಲ್ಲಿ ಕೆಲಸಕ್ಕಿದ್ದವರು. ಊರು ಬಿಟ್ಟು ಹೋಗುತ್ತಿದ್ದ ಯಾರೋ ಇಂಗ್ಲಿಷ್ ದೊರೆಯಿಂದ ಈ ಕಾರನ್ನು ಕೊಂಡಿದ್ದರು. ಅರಮನೆಗೂ ಕಾರಿಗೂ ಇದ್ದ ಸಂಬಂಧ ಇಷ್ಟೇ: ಅರಮನೆಯ ಮುಂದೆ ಅದು ಕೆಲವು ಸಲ ಕೆಟ್ಟು ನಿಂತಿತ್ತು. ಆದರೂ ರಾಯರ ಬಾಯಲ್ಲಿ ಅದು "ಅರಮನೆ ಕಾರು". ನಮ್ಮ ಬೀದಿಯ ಯಾವ ಮನೆಯಲ್ಲಿ ಮದುವೆಯಾದರೂ ವರ ಕೂರುತ್ತಿದ್ದುದು ಆ ಕಾರಿನಲ್ಲೇ. ಸ್ಟೀರಿಂಗ್ ಹಿಡಿದು ರಾಯರು ಕೂರುತ್ತಿದ್ದ ಠೀವಿ ನೋಡಿದರೆ ಮದುವೆ ಯಾರದೆಂದು ಬೀಗರಿಗೇ ಅನುಮಾನ ಬರುತ್ತಿತ್ತು.

ಕಾರಿಗೆ ಇದ್ದ ರೋಗ ಒಂದೇ, ಪಾಯಿಂಟು. ಡಿಸ್ಟ್ರಿಬ್ಯೂಟರ್ ಎಂಬ ಬಟ್ಟಲಿನೊಳಗೆ ಎರಡು ಪುಟ್ಟ ಲೋಹದ ತುಟಿಗಳು ಕೂಡುತ್ತಾ ಅಗಲುತ್ತಾ ಇರಬೇಕು. ಅಗಲಿದಾಗಲೆಲ್ಲ ಇಂಜಿನ್ನಿಗೆ ಒಂದು ಕಿಡಿ. ಈ ತುಟಿಗಳು ಬೆಳಗಾಗುವುದರೊಳಗೆ ಕಪ್ಪಾಗಿರುತ್ತಿದ್ದವು. ರಾಯರು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಅದು ಸಿಗದಿದ್ದರೆ ಹೆಂಡತಿ ಭಾನುಮತಿಯವರು ಉಗುರಿಗೆಂದು ಇಟ್ಟುಕೊಂಡಿದ್ದ ಅರದಿಂದ. ಎಷ್ಟು ಉಜ್ಜಿದರೂ ಕೀಲಿ ತಿರುಗಿಸಿದರೆ ಕಾರು ಬರೀ ಕೆಮ್ಮುತ್ತಿತ್ತು. ತಳ್ಳಿದರೆ ಮಾತ್ರ ಹತ್ತಿಕೊಳ್ಳುತ್ತಿತ್ತು.

ಎದುರುಮನೆಯ ಸಿದ್ದಲಿಂಗಸ್ವಾಮಿಯವರು ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟವರು. ಅವರ ಹಳೆಯ ಫಿಯೆಟ್ಟಿಗೂ ಇದೇ ರೋಗವಿತ್ತು. ರಾಯರದನ್ನು ಕಳಿಸಿದ ಮೇಲೆ ಅದೇ ಬಿಸಿಯಲ್ಲಿ ಅದಕ್ಕೂ ನಾಲ್ಕು ಹೆಜ್ಜೆ ಕೈ ಹಚ್ಚುತ್ತಿದ್ದೆವು. ಹೀಗೆ ಎರಡು ಮನೆಗಳ ನಡುವೆ ಸ್ನೇಹ ಚೆನ್ನಾಗಿಯೇ ಇತ್ತು.

ತೊಂಬತ್ತೆಂಟರ ಬೇಸಿಗೆಯ ಒಂದು ಬೆಳಿಗ್ಗೆ, ರಾಯರು ಇನ್ನೂ ಪಾಯಿಂಟು ಉಜ್ಜುತ್ತಿದ್ದಾಗಲೇ, ನಾವು ಫಿಯೆಟ್ಟಿನ ಬಳಿಗೆ ಹೋದರೆ ಸಿದ್ದಲಿಂಗಸ್ವಾಮಿ ಕೈ ಅಡ್ಡ ಹಿಡಿದರು.

"ಮುಟ್ಬೇಡಿ ಕಣ್ರೀ. ಅಂಗೇ ದೂರ ನಿಂತ್ಕೊಂಡು ನೋಡಿ."

ಕೀಲಿ ತಿರುಗಿಸಿದರು. ಕಾರು ಕೆಮ್ಮಲಿಲ್ಲ, ಸೀನಲಿಲ್ಲ. ಒಂದೇ ಉಸಿರಿಗೆ ಹತ್ತಿಕೊಂಡಿತು.

"ಪಾಯಿಂಟು ಕಿತ್ತಾಕ್ಬುಟ್ಟೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸ್ದೆ, ಕೊಯಮತ್ತೂರಿಂದ ತರಿಸಿ. ಉಜ್ಜೋದಿಲ್ಲ, ತಳ್ಳೋದಿಲ್ಲ." ಆಮೇಲೆ ಎದುರುಮನೆಯ ಕಡೆ ತಿರುಗಿ, ಮಾರಿಸ್ಸಿನ ಬಾನೆಟ್ಟಿನೊಳಗೆ ತಲೆ ಹಾಕಿದ್ದ ರಾಯರಿಗೆ ಕೇಳುವಂತೆ, "ರಾಯರೇ, ಇನ್ನೂ ಉಜ್ತಾ ಇದೀರಾ?" ಅಂದರು.

ರಾಯರು ತಲೆ ಎತ್ತುವ ಭರದಲ್ಲಿ ಬಾನೆಟ್ಟಿಗೆ ಹಣೆ ಹೊಡೆಸಿಕೊಂಡರು. ಹಣೆಯ ಬಾವು ಸಂಜೆಗೆ ಇಳಿಯಿತು, ಹೊಟ್ಟೆಯ ಕಿಚ್ಚು ಇಳಿಯಲಿಲ್ಲ. ಎದುರುಮನೆಯವನು ಹೊಸ ಕಾರು ಕೊಂಡರೆ ಮನುಷ್ಯ ಹೇಗೋ ಸಹಿಸುತ್ತಾನೆ. ತನ್ನ ಹಾಗೆಯೇ ಕೆಮ್ಮುತ್ತಿದ್ದ ಹಳೇ ಕಾರು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಗುಣವಾದರೆ ಸಹಿಸುವುದು ಋಷಿಗಳಿಗೂ ಕಷ್ಟ.

"ಅವರ ಪಾಯಿಂಟು, ಅವರು ಕಿತ್ತು ಹಾಕಿದರು. ನಿಮಗ್ಯಾಕೆ ಹೊಟ್ಟೆ ಉರಿ?" ಎಂದು ಭಾನುಮತಿಯವರು ಕೇಳಿದರಂತೆ.

"ಹೊಟ್ಟೆ ಉರಿ ಅಲ್ಲ ಕಣೇ, ತಾಂತ್ರಿಕ ಆಸಕ್ತಿ."

"ತಾಂತ್ರಿಕ ಆಸಕ್ತಿಗೆ ಯಾರಾದರೂ ನಿದ್ದೇಲಿ ಹಲ್ಲು ಕಡೀತಾರಾ?"

ಇಂಥ ಹೊತ್ತಿನಲ್ಲೇ ಬೀದಿಯ ಕೊನೆಯ ಮನೆಯ ಪುಟ್ಟಬಸಮ್ಮ ಮಗ ಮಹೇಶನ ಮದುವೆಗೆ ಕರೆಯಲು ಬಂದರು. ನಾನೂ ಆಗ ರಾಯರ ಜಗಲಿಯಲ್ಲೇ ಕೂತಿದ್ದೆ. ಪುಟ್ಟಬಸಮ್ಮನ ಗಂಡ ಕರಿಬಸವಯ್ಯನವರು ಆ ಮನೆಯಲ್ಲಿ ಯಜಮಾನರು. ಮಾತು, ತೀರ್ಮಾನ, ಜಗಳ ಎಲ್ಲ ಪುಟ್ಟಬಸಮ್ಮನವರ ಖಾತೆ. ಅರಿಶಿನ ಕುಂಕುಮ ಕೊಟ್ಟಾದ ಮೇಲೆ ಆಕೆ ವಿಷಯಕ್ಕೆ ಬಂದರು.

"ಮಹೇಶನ್ನ ನಿಮ್ಮ ಕಾರ್ನಲ್ಲೇ ಕರ್ಕೊಂಡೋಗ್ಬೇಕು ಅಂತಾರೆ ನಮ್ಮೆಜಮಾನ್ರು. ನಂಗೆ ಬಯ ಕಣಪ್ಪ. ನಮ್ಮ ದೊಡ್ಡೋಳ ಮದುವೇಲಿ ಏನಾಯ್ತು ಗ್ಯಾಪ್ಕ ಅದೆ ತಾನೆ?"

ಯಾರಿಗಿಲ್ಲ ಜ್ಞಾಪಕ! ಅವತ್ತು ಕಾರು ದಾರಿಯಲ್ಲಿ ನಿಂತು, ತಳ್ಳುವವರು ಸಾಲದೆ, ರೇಷ್ಮೆ ಪಂಚೆ ಉಟ್ಟು ಬಾಸಿಂಗ ಕಟ್ಟಿದ ಮದುಮಗನೇ ಇಳಿದು ತಳ್ಳಿದ್ದ. ಹೊಸಬನಾದ್ದರಿಂದ ಹೊಗೆಯ ಜಾಗ ಅವನ ಪಾಲಿಗೆ ಬಂದಿತ್ತು.

"ಪೋಟೋದಲ್ಲಿ ಅಳಿಯಂದ್ರ ಮೊಕ ಇವತ್ತಿಗೂ ಕರ್ರಗೇ ಅದೆ. ಸಿದ್ದಲಿಂಗಸ್ವಾಮ್ಗೋಳ ಕಾರು ನೋಡಿ, ಕೀ ತಿರುವ್ತಿದ್ದಂಗೇ ಒಂಟೋಯ್ತದೆ."

ರಾಯರ ಮುಖಕ್ಕೆ ರಕ್ತ ನುಗ್ಗಿತು. ಅಲ್ಲಿಯವರೆಗೆ ಅವರ ಮನಸ್ಸಿನಲ್ಲಿ ಇಲ್ಲದ ಮಾತು ಬಾಯಲ್ಲಿ ಬಂದುಬಿಟ್ಟಿತು.

"ನಮ್ಮದಕ್ಕೂ ಎಲೆಕ್ಟ್ರಾನಿಕ್ ಹಾಕ್ತಾ ಇದೀನಿ ಪುಟ್ಟಬಸಮ್ಮನೋರೇ. ಅವರದು ಸಾಧಾರಣ ಪೆಟ್ಟಿಗೆ. ನಮ್ಮದು ಬೇರೆ. ಇಂಜಿನ್ ಓಡ್ತಾ ಇದೆಯೋ ಇಲ್ಲವೋ ಅಂತ ಪಕ್ಕದಲ್ಲಿ ನಿಂತವರಿಗೂ ಗೊತ್ತಾಗಬಾರದು, ಅಷ್ಟು ನಿಶ್ಶಬ್ದ!"

"ಅಂಗಾರೆ ಬಾನ್ವಾರ ಬಂದು ನೋಡ್ತೀನಿ. ತಳ್ದೆ ಒಂಟ್ರೆ ಮಹೇಶ ನಿಮ್ದ್ರಲ್ಲೇ ಕೂತ್ಕತಾನೆ, ಫಿಯೆಟ್ಟು ಹಿಂದೆ ಎಂಗಸ್ರನ್ನ ತುಂಬ್ಕೊಂಡು ಬರ್ಲಿ. ಒಂಡದಿದ್ರೆ ಅವನು ಫಿಯೆಟ್ಟಲ್ಲಿ. ನೀವು ಅಡುಗೆ ಪಾತ್ರೆ ಏರ್ಕೊಂಡು ಬಂದ್ಬುಡಿ."

ವರನ ಬದಲು ಪಾತ್ರೆ! ರಾಯರ ವಂಶದಲ್ಲಿ ಇಂಥ ಅವಮಾನ ಯಾರಿಗೂ ಆಗಿರಲಿಲ್ಲ. ಅವತ್ತೇ ಸಂಜೆ ಭಾವಮೈದ ವಾಗೀಶನಿಗೆ ಬುಲಾವು ಹೋಯಿತು.

ವಾಗೀಶ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಜೊತೆಗೆ ರೇಡಿಯೋ ರಿಪೇರಿಯ ಹವ್ಯಾಸ. ಅವನು ರಿಪೇರಿ ಮಾಡಿದ ರೇಡಿಯೋದಲ್ಲಿ ಮುಳ್ಳು ಎಲ್ಲಿಗೆ ತಿರುಗಿಸಿದರೂ ಕೃಷಿರಂಗವೇ ಬರುತ್ತಿತ್ತು. ಶನಿವಾರ ಬೆಳಿಗ್ಗೆ ಭಾವ ಮೈದುನ ಇಬ್ಬರೂ ಕಾಂಪೌಂಡಿನಲ್ಲಿ ಹಳೆಯ ಪಾಯಿಂಟನ್ನು ಬಿಚ್ಚಿದರು. ಅದರ ಜಾಗದಲ್ಲಿ ಹೊಸ ಬಿಲ್ಲೆಯೊಂದನ್ನು ಕೂರಿಸಿ, ಬಾನೆಟ್ಟಿನ ಗೋಡೆಗೆ ವಾಗೀಶ ತಂದಿದ್ದ ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಕಪ್ಪು ಪೆಟ್ಟಿಗೆಯನ್ನು ಬಿಗಿದರು. ನಾವು ತಳ್ಳುವವರೆಲ್ಲ ಸುತ್ತ ನಿಂತಿದ್ದೆವು, ಸ್ವಲ್ಪ ದುಃಖದಿಂದಲೇ. ಸಿದ್ದಲಿಂಗಸ್ವಾಮಿ ತಮ್ಮ ಮನೆಯ ತಾರಸಿಯ ಮೇಲೆ ಬಟ್ಟೆ ಒಣಗಿಸುವ ನೆಪದಲ್ಲಿ ನಿಂತಿದ್ದರು. ಆ ಮನೆಯಲ್ಲಿ ಅವರು ಬಟ್ಟೆ ಒಣಗಿಸಿದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ.

"ಭಾವ, ಇದು ಉಲ್ಟಾ ಕಾರು," ಎಂದ ವಾಗೀಶ. "ಇದರಲ್ಲಿ ಬ್ಯಾಟರಿಯ ಪ್ಲಸ್ ತಂತಿಯನ್ನ ಕಾರಿನ ಮೈಗೆ ಕಟ್ಟಿದಾರೆ. ಈ ಪೆಟ್ಟಿಗೆ ಕೆಲಸ ಮಾಡಬೇಕಾದರೆ ಮೈನಸ್ ತಂತಿಯನ್ನ ಮೈಗೆ ಕಟ್ಟಬೇಕು."

"ಅರಮನೆ ಕಾರಿಗೆ ಮೈನಸ್ಸೇ? ಬೇಡ. ಅವರ ಫಿಯೆಟ್ಟಿನಲ್ಲಿ ಏನಿದೆ?"

"ಮೈನಸ್ಸೇ."

"ಹಾಗಾದರೆ ಕಟ್ಟು."

ಬ್ಯಾಟರಿಯನ್ನು ತಿರುಗಿಸಿ ಇಟ್ಟು ವಾಗೀಶ ತಂತಿಗಳನ್ನು ಅದಲುಬದಲು ಮಾಡಿದ. ಭಾನುವಾರ ಪುಟ್ಟಬಸಮ್ಮ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಾಗ ರಾಯರು ಕುಲದೇವರನ್ನು ನೆನೆದು ಕೀಲಿ ತಿರುಗಿಸಿದರು. ಮಾರಿಸ್ ಒಂದೇ ಏಟಿಗೆ ಹತ್ತಿಕೊಂಡಿತು! ಮಹದೇವಯ್ಯನವರು ಅಭ್ಯಾಸಬಲದಿಂದ ತಳ್ಳಲು ಬಗ್ಗಿದ್ದವರು ಮುಗ್ಗರಿಸಿದರು. ಶಬ್ದವೇನೋ ಇತ್ತು, ರಾಯರು ಹೇಳಿದಷ್ಟು ನಿಶ್ಶಬ್ದವಲ್ಲ. ಆದರೆ ಪುಟ್ಟಬಸಮ್ಮ "ಪರ್ವಾಗಿಲ್ಲ ಕಣಪ್ಪ, ಮಹೇಶ ಇದ್ರಲ್ಲೇ ಕೂರ್ಲಿ" ಎಂದುಬಿಟ್ಟರು. ಎದುರು ತಾರಸಿಯಿಂದ ಒಂದು ಒದ್ದೆ ಟವೆಲು ಕೆಳಗೆ ಬಿತ್ತು.

ಅಲ್ಲಿಂದ ರಾಯರನ್ನು ಹಿಡಿಯುವವರಿಲ್ಲ. ಸಿದ್ದಲಿಂಗಸ್ವಾಮಿ ಹೊರಗೆ ಬಂದರೆ ಸ್ಟಾರ್ಟು. ಅವರು ಪೇಪರ್ ಎತ್ತಿಕೊಳ್ಳಲು ಬಗ್ಗಿದರೆ ಸ್ಟಾರ್ಟು. ಅವರ ಮನೆಗೆ ನೆಂಟರು ಬಂದರಂತೂ ಸ್ಟಾರ್ಟು, ಆಫು, ಮತ್ತೆ ಸ್ಟಾರ್ಟು. ಕಾರಿನ ಮುಂದಿನ ಹಲಗೆಯ ಮೇಲೆ ಒಂದು ಪುಟ್ಟ ಕೆಂಪು ದೀಪ ಈಗ ಇಂಜಿನ್ ಓಡುವಾಗಲೂ ಆರದೆ ಉರಿಯುತ್ತಿತ್ತು. ಮೊದಲು ಹಾಗೆ ಉರಿಯುತ್ತಿರಲಿಲ್ಲ. ರಾಯರು ಸಿದ್ದಲಿಂಗಸ್ವಾಮಿಯವರನ್ನು ಕರೆದೇ ತೋರಿಸಿದರು.

"ನೋಡಿ, ಎಲೆಕ್ಟ್ರಾನಿಕ್ ದೀಪ. ನಿಮ್ಮದರಲ್ಲಿ ಉರಿಯುತ್ತಾ?"

ಸಿದ್ದಲಿಂಗಸ್ವಾಮಿ ಮನೆಗೆ ಹೋಗಿ ತಮ್ಮ ಕಾರು ಶುರುಮಾಡಿ ನೋಡಿದರು. ಅವರ ದೀಪ ಆರಿಹೋಯಿತು. ಮುಖವೂ ಆರಿತು. ಸಂಜೆಯೇ ಯಾರ ಮೂಲಕವೋ ಕೊಯಮತ್ತೂರಿಗೆ ಫೋನು ಮಾಡಿಸಿ, ದೀಪ ಉರಿಯದ ಮಾಲು ಕೊಟ್ಟು ಮೋಸ ಮಾಡಿದಿರಿ ಎಂದು ಜಗಳ ತೆಗೆದರು.

ಆ ದೀಪದ ನಿಜವಾದ ಅರ್ಥ ಬೇರೆ ಇತ್ತು. ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿದ ಸುದ್ದಿಯನ್ನು ವಾಗೀಶ ಡೈನಮೋಗೆ ತಿಳಿಸಿರಲಿಲ್ಲ. ತಿಳಿಸುವುದಕ್ಕೂ ಒಂದು ಕ್ರಮವಿದೆಯಂತೆ, ಅದು ಅವನಿಗೆ ಗೊತ್ತಿರಲಿಲ್ಲ. ಪಾಪ, ಡೈನಮೋ ಹಳೆಯ ಕಟ್ಟಳೆಯಂತೆಯೇ ತಿರುಗುತ್ತಾ, ಬ್ಯಾಟರಿಗೆ ಒಂದು ತೊಟ್ಟು ಕರೆಂಟನ್ನೂ ತುಂಬುತ್ತಿರಲಿಲ್ಲ. ಅದನ್ನು ಹೇಳುವುದಕ್ಕೇ ಕೆಂಪು ದೀಪ ಹಗಲಿಡೀ ಒದ್ದಾಡುತ್ತಿದ್ದದ್ದು. ರಾಯರು ಅದಕ್ಕೆ ಕುಂಕುಮ ಇಟ್ಟಿದ್ದರು.

ಮದುವೆಯ ಹಿಂದಿನ ಸಂಜೆ ಗಣಪತಿ ಗುಡಿಯಲ್ಲಿ ಪೂಜೆ ಮುಗಿಸಿ ಮಹೇಶ ಮೈಸೂರು ಪೇಟ ಇಟ್ಟುಕೊಂಡು ಬಂದು ಮಾರಿಸ್ಸಿನ ಹಿಂದಿನ ಸೀಟಿನಲ್ಲಿ ಕೂತ. ಮುಂದೆ ಬ್ಯಾಂಡ್‌ಸೆಟ್ಟಿನವರು, ಹಿಂದೆ ಹೆಂಗಸರನ್ನು ತುಂಬಿಕೊಂಡ ಫಿಯೆಟ್ಟು. ಕಲ್ಯಾಣ ಮಂಟಪ ಏರುರಸ್ತೆಯ ಆ ತುದಿಗೆ. ರಾಯರು ಜರತಾರಿ ಶಲ್ಯ ಸರಿಮಾಡಿಕೊಂಡು ಕೀಲಿ ತಿರುಗಿಸಿದರು.

ಟಕ್ ಎಂದಿತು. ಅಷ್ಟೇ.

ನಾವು ಓಡಿಬಂದು ನಮ್ಮ ನಮ್ಮ ಮಡ್‌ಗಾರ್ಡು ಹಿಡಿದೆವು. ಮೆರವಣಿಗೆ ಸಾಲು ಕಟ್ಟುವಷ್ಟರಲ್ಲಿ ಗುಡಿಯ ಹಿಂದಿನ ರಸ್ತೆಯಲ್ಲಿ ಮರೆಯಾಗಿ ತಳ್ಳಿ ನೋಡಿ, ಮತ್ತೆ ಜಾಗಕ್ಕೆ ತಂದು ನಿಲ್ಲಿಸಿದೆವು. ಮಾರಿಸ್ ಉಸಿರೆತ್ತಲಿಲ್ಲ. ವಾಗೀಶ ಬಾನೆಟ್ಟು ತೆಗೆದು ನೋಡಿ ಬೆವರಿದ.

"ಬ್ಯಾಟರಿ ಸತ್ತಿದೆ ಭಾವ. ಪಾಯಿಂಟಾಗಿದ್ದರೆ ಕೊನೆಯುಸಿರಿನ ಬ್ಯಾಟರಿಯಲ್ಲೂ ತಳ್ಳಿದರೆ ಹತ್ತಿಕೊಳ್ಳೋದು. ಈ ಪೆಟ್ಟಿಗೆಗೆ ಮೊದಲು ಬ್ಯಾಟರಿ ಹೊಟ್ಟೆ ತುಂಬ ಊಟ ಹಾಕಬೇಕು. ಆಮೇಲೆ ಅದು ಕಿಡಿ ಕೊಡೋದು."

"ಅಂದರೆ ತಳ್ಳಿದರೂ ಹೋಗೋದಿಲ್ಲವೇನೋ?"

"ತಳ್ಳಿದಷ್ಟು ದೂರ ಹೋಗುತ್ತೆ."

ಮೈಕ್‌ಸೆಟ್ಟಿನವರ ಹತ್ತಿರ ಬ್ಯಾಟರಿ ಇರುತ್ತದೆ, ತರುತ್ತೇನೆ ಎಂದು ವಾಗೀಶ ಓಡಿದ. ಅಷ್ಟರಲ್ಲಿ ಬ್ಯಾಂಡು ಶುರುವಾಯಿತು. ಹಿಂದಿನಿಂದ ಸಿದ್ದಲಿಂಗಸ್ವಾಮಿ ಹಾರನ್ ಒತ್ತಿದರು. ಆ ಹಾರನ್ನಿನಲ್ಲಿ ಎಷ್ಟು ಸಂತೋಷವಿತ್ತೆಂದರೆ ರಾಯರ ಕಣ್ಣಲ್ಲಿ ನೀರು ಬಂತು. ಅಡುಗೆ ಪಾತ್ರೆಗಳು ಅವರ ಕಣ್ಣ ಮುಂದೆ ಕುಣಿದವು.

"ತಳ್ಳಿ," ಎಂದರು ನಮಗೆ ಮೆಲ್ಲಗೆ. "ಆದರೆ ತಳ್ಳಿದ ಹಾಗೆ ಕಾಣಬಾರದು."

"ಅದೆಂಗೆ ಸ್ವಾಮಿ?" ಮಹದೇವಯ್ಯ ಕೇಳಿದರು.

"ನಡೀತಾ ನಡೀತಾ ಸುಮ್ಮನೆ ಕೈ ಇಟ್ಟುಕೊಂಡ ಹಾಗಿರಲಿ. ಮುಖದಲ್ಲಿ ಸ್ವಲ್ಪ ಭಕ್ತಿ ಇರಲಿ."

ಮೆರವಣಿಗೆ ಹೇಗೂ ಆಮೆ ನಡಿಗೆಯದು. ನಾವು ಭಕ್ತಿಯಿಂದ ಏರು ಹತ್ತಿಸತೊಡಗಿದೆವು. ಒಳಗೆ ಕೂತ ಮಹೇಶ ತನ್ನ ಅಕ್ಕನ ಗಂಡನಿಗೆ ಬಂದಿದ್ದ ಗತಿ ನೆನೆದು, "ಸಾರ್, ನಾನೂ ಇಳೀಲಾ?" ಎಂದು ಪಿಸುಗುಟ್ಟಿದ. ರಾಯರು ಹಲ್ಲು ಕಚ್ಚಿಕೊಂಡೇ "ಅಲ್ಲಾಡಬೇಡ" ಎಂದರು.

ಅಷ್ಟರಲ್ಲಿ ಹೆಣ್ಣಿನ ಕಡೆಯವರೊಬ್ಬರು ಹೇಳಿದರು, "ಏನ್ರೀ ಈ ಕಾರು! ಸೊಲ್ಲೇ ಇಲ್ಲ!" ಮಾತು ಮೆರವಣಿಗೆಯ ಉದ್ದಕ್ಕೂ ಹರಡಿತು. ಫಿಯೆಟ್ಟಿನಿಂದ ಸಿದ್ದಲಿಂಗಸ್ವಾಮಿಯವರ ತಲೆ ಹೊರಗೆ ಬಂತು.

"ರಾಯರೇ, ಇಂಜಿನ್ ಓಡ್ತಾ ಅದಾ?"

"ಗೊತ್ತಾಗ್ತಾ ಇಲ್ಲ, ಅಲ್ಲವೇ? ನಾನು ಮೊದಲೇ ಹೇಳಿದ್ದೆ."

ತಲೆ ಒಳಗೆ ಹೋಯಿತು. ಆದರೆ ಪುಟ್ಟಬಸಮ್ಮನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ. ಕಳಶ ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದ ಆಕೆ ನನ್ನ ಬೆನ್ನಿನ ಬೆವರು ನೋಡಿದರು.

"ಸಬ್ದ ಇಲ್ದೆ ಓಡೋ ಕಾರ್ಗೆ ಇವ್ರ್ಯಾಕಪ್ಪ ಕೈ ಮಡಗವ್ರೆ?"

ರಾಯರು ಒಂದು ಕ್ಷಣ ಸತ್ತು ಬದುಕಿದರು. ಆಮೇಲೆ ಗಂಭೀರವಾಗಿ, "ಅದು ಕೈ ಹಚ್ಚುವ ಶಾಸ್ತ್ರ," ಎಂದರು. "ಅರಮನೆ ಕಡೆ ಉಂಟು. ವರ ಕೂತ ಗಾಡೀನ ಇಂಜಿನ್ನಿನಿಂದ ಓಡಿಸೋದು ಬಾಡಿಗೆ ಟ್ಯಾಕ್ಸಿಯವರು. ಮರ್ಯಾದಸ್ಥರಲ್ಲಿ ಬೇಕಾದವರು ಕೈ ಹಚ್ಚಿ ನಡೆಸ್ತಾರೆ."

ಅವರ ಲೆಕ್ಕದಲ್ಲಿ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಪುಟ್ಟಬಸಮ್ಮ ಕಳಶ ಹಿಡಿದುಕೊಂಡೇ ನಿಂತುಬಿಟ್ಟರು.

"ಬೇಕಾದೋರು ಅಂದ್ರೆ ಇವ್ರಾ? ಬೀದಿಯೋರು? ನಮ್ಮಣ್ಣ ಸತ್ತೋಗಿದ್ನಾ? ಅಣ್ಣಾ! ಬಾ ಇಲ್ಲಿ!"

ವರನ ಸೋದರಮಾವ ಚಿಕ್ಕಬಸವಯ್ಯ ನಂಜನಗೂಡಿನವರು. ಗುಡಿಯಲ್ಲಿ ತನಗೆ ಹಾರ ಹಾಕುವುದು ತಡವಾಯಿತೆಂದು ಮುನಿಸಿಕೊಂಡು ಮೆರವಣಿಗೆಯ ಬಾಲದಲ್ಲಿ ಬರುತ್ತಿದ್ದ ಅವರು ಈಗ ಗುಂಪನ್ನು ಸೀಳಿಕೊಂಡು ಬಂದು ನನ್ನ ಕೈಯನ್ನು ಮಡ್‌ಗಾರ್ಡಿನಿಂದ ಕಿತ್ತು ಪಕ್ಕಕ್ಕಿಟ್ಟರು.

"ತಗೀರಿ ಕೈಯ. ಮಾವ ನಾನಿವ್ನಿ."

ಅವರ ತಮ್ಮ ಬಂದು ಮಹದೇವಯ್ಯನವರನ್ನು ಸರಿಸಿದ. ಅದನ್ನು ಕಂಡು ಕರಿಬಸವಯ್ಯನವರ ಕಡೆಯ ದಾಯಾದಿಗಳು ಕೆರಳಿದರು. ತಾಯಿ ಕಡೆಯವರಿಗೆ ಮಡ್‌ಗಾರ್ಡು, ತಂದೆ ಕಡೆಯವರಿಗೆ ಬರೀ ಧೂಳೇ? ಅವರು ಬಾಗಿಲುಗಳನ್ನು ಹಿಡಿದರು. ಹೆಣ್ಣಿನ ತಂದೆಗೆ ಇದು ಯಾರೋ ಮೊದಲೇ ಹೇಳದೆ ಮಾಡಿದ ಅವಮಾನ ಎನ್ನಿಸಿತು. "ಎಣ್ಣಿನ ಕಡೆಯೋರು ಅಂದ್ರೆ ಅಷ್ಟು ಸಸಾರಾನಾ?" ಎಂದು ಕೂಗಾಡಿ, ತಮ್ಮ ಕಡೆಯ ಗಟ್ಟಿಮುಟ್ಟಾದವರನ್ನು ಹೆಸರು ಹಿಡಿದು ಕರೆದು ಡಿಕ್ಕಿಯ ಜಾಗಕ್ಕೆ ನುಗ್ಗಿಸಿದರು. ಎರಡು ಕಡೆಯವರಲ್ಲಿ ಯಾರ ಕೈ ಹೆಚ್ಚು ಎಂದು ಪಂದ್ಯವೇ ಬಿತ್ತು. ಮಾರಿಸ್ ಏರನ್ನು ಏರಿದ ವೇಗಕ್ಕೆ ಬ್ಯಾಂಡ್‌ಸೆಟ್ಟಿನವರು ತುತ್ತೂರಿ ಎತ್ತಿಕೊಂಡು ಚರಂಡಿ ದಾಟಿ ಜೀವ ಉಳಿಸಿಕೊಂಡರು. ರಾಯರು ಬ್ರೇಕು ತುಳಿಯುತ್ತಾ "ಮೆಲ್ಲಗೆ, ಮೆಲ್ಲಗೆ, ಶಾಸ್ತ್ರ ಮೆಲ್ಲಗೆ!" ಎಂದು ಅರಚುತ್ತಿದ್ದರು.

ಮಹದೇವಯ್ಯನವರೂ ನಾನೂ ರಸ್ತೆಯ ಅಂಚಿನಲ್ಲಿ ನಿಂತೆವು. ಇಷ್ಟು ವರ್ಷ ಹೊಗೆ ಕುಡಿದು ತಳ್ಳಿದವರು ನಾವು. ಹಾರ ತುರಾಯಿಯ ದಿನ ಬಂದವರು ಇನ್ಯಾರೋ. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು.

ಉರಿ ನಮ್ಮಿಬ್ಬರಿಗೇ ಅಲ್ಲ. ಹಿಂದೆ ಸಿದ್ದಲಿಂಗಸ್ವಾಮಿ ಗುರ್ರೆನ್ನುವ ಫಿಯೆಟ್ಟಿನಲ್ಲಿ ಒಬ್ಬರೇ ಕೂತಿದ್ದರು. ಕಾರಿನೊಳಗಿದ್ದ ಹೆಂಗಸರು, "ಬಾಡಿಗೆ ಟ್ಯಾಕ್ಸಿ" ಎಂಬ ಮಾತು ಕಿವಿಗೆ ಬಿದ್ದದ್ದೇ, ಇಳಿದು ಮಾರಿಸ್ಸಿನ ಕಡೆ ನಡೆದಿದ್ದರು. ಅವರ ಸ್ವಂತ ಹೆಂಡತಿಯೇ ಮುಂಚೂಣಿಯಲ್ಲಿದ್ದರು. ಸಿದ್ದಲಿಂಗಸ್ವಾಮಿ ಪಟ್ಟನೆ ಕೀಲಿ ತಿರುಗಿಸಿ ಇಂಜಿನ್ ಆರಿಸಿದರು. ಕಿಟಕಿಯಿಂದ ಅತ್ತಿತ್ತ ನೋಡಿ, "ನಮ್ದೂ ನಿಂತೋಗದೆ! ಯಾರಾದ್ರೂ ಬನ್ರಪ್ಪ!" ಎಂದು ಕೂಗಿದರು. ಒಬ್ಬರೂ ತಿರುಗಿ ನೋಡಲಿಲ್ಲ. ಕೈ ಖಾಲಿ ಇದ್ದ ನಾವಿಬ್ಬರು ಹತ್ತಿರ ಹೋದೆವು.

"ನೀವಲ್ಲ ಕಣ್ರೀ!" ಎಂದರು ಅಳುದನಿಯಲ್ಲಿ. "ನೆಂಟ್ರು ಬೇಕು!"

ಮಂಟಪದ ಬಾಗಿಲಲ್ಲಿ ಮಾರಿಸ್ ನಿಂತಿತು. ಎರಡು ಕಡೆಯವರೂ ಗೆದ್ದವರು ತಾವೇ ಎಂದುಕೊಂಡು ಬೆವರು ಒರೆಸಿಕೊಂಡರು. ಪುಟ್ಟಬಸಮ್ಮ ಆರತಿ ತಟ್ಟೆ ಹಿಡಿದು ಮುಂದೆ ಬಂದರು. ಮಹೇಶ ಒಂದು ಕಾಲನ್ನು ಹೊರಗಿಟ್ಟ. ಅದೇ ಹೊತ್ತಿಗೆ ಬ್ಯಾಟರಿ ಹೊತ್ತ ವಾಗೀಶ ಎಲ್ಲಿಂದಲೋ ಏದುಸಿರು ಬಿಡುತ್ತಾ ಬಂದ. ಯಾರನ್ನೂ ಕೇಳದೆ ಬಾನೆಟ್ಟು ತೆಗೆದು ತಂತಿ ಸಿಕ್ಕಿಸಿ, "ಭಾವ, ಹೊಡೀರಿ!" ಎಂದ. ರಾಯರ ಕೈ ತಾನಾಗಿ ಕೀಲಿಗೆ ಹೋಯಿತು.

ಮಾರಿಸ್ ಹತ್ತಿಕೊಂಡಿತು. ಎಂಥ ಸ್ವರ! ಒಂದು ತಡವರಿಕೆ ಇಲ್ಲ, ಒಂದು ಕೆಮ್ಮಿಲ್ಲ. ಊರೆಲ್ಲ ಸೇರಿದ್ದಾಗ, ಎದುರುಮನೆಯವರು ನಿಂತು ನೋಡುತ್ತಿದ್ದಾಗ, ಒಂದೇ ಏಟಿಗೆ ಹೀಗೆ ಹೊರಡಬೇಕೆಂದೇ ಅಲ್ಲವೇ ರಾಯರು ಇಷ್ಟು ದಿನ ಹಲ್ಲು ಕಡಿದದ್ದು? ಅವರು ಹೆಮ್ಮೆಯಿಂದ ತಲೆ ಎತ್ತಿದರು.

"ಯಾರ್ಲಾ ಅದು ಸಬ್ದ ಮಾಡಿದ್ದು!" ಪುಟ್ಟಬಸಮ್ಮನ ದನಿ ಇಂಜಿನ್ನನ್ನು ಮುಳುಗಿಸಿತು. "ಆರ್ಸು! ಆರತಿ ಇಡ್ಕೊಂಡು ನಿಂತಿವ್ನಿ, ಟ್ಯಾಕ್ಸಿ ಮಾಡ್ಬುಟ್ನಲ್ಲ ಮಂಗ್ಳಕಾರ್ಯನ!"

"ಅಪಶಕುನ!" ಎಂದರು ಹೆಣ್ಣಿನ ತಂದೆ. ಚಿಕ್ಕಬಸವಯ್ಯ ಬಾನೆಟ್ಟಿನೊಳಗೆ ಕೈ ಹಾಕಿ ಸಿಕ್ಕಿದ ತಂತಿಯನ್ನು ಎಳೆದೇಬಿಟ್ಟರು. ಕಾರು ತೆಪ್ಪಗಾಯಿತು. ಎಲ್ಲರೂ ಸಮಾಧಾನದ ಉಸಿರುಬಿಟ್ಟು ಒಳಗೆ ನಡೆದರು. ರಾಯರು ಇಳಿದು ಬಂದು ಬಾನೆಟ್ಟನ್ನು ತಾವೇ ಮುಚ್ಚಿದರು. ಅವರ ಮುಖ ನೋಡಿ ನಮಗೇ ಪಾಪ ಅನ್ನಿಸಿತು.

ಊಟದ ಪಂಕ್ತಿಯಲ್ಲಿ ರಾಯರ ಪಕ್ಕ ನಾನು. ಆಚೆ ಪಕ್ಕದ ಎಲೆಗೆ ಬಂದು ಕೂತವರು ಸಿದ್ದಲಿಂಗಸ್ವಾಮಿ. ಕೋಸಂಬರಿ ಬಂತು, ಪಲ್ಯ ಬಂತು. ಪಾಯಸ ಬಡಿಸಿದವನು ಮುಂದೆ ಹೋದ ಮೇಲೆ ರಾಯರ ಕಿವಿಯ ಹತ್ತಿರ ಬಗ್ಗಿದರು.

"ರಾಯರೇ, ಮುಂದಿನ ತಿಂಗ್ಳು ನಮ್ಮ ನಿಶ್ಚಿತಾ ಮದುವೆ. ಸ್ವಂತ ಮಗಳ ಮದುವೇಲಿ ನನ್ನ ಕಾರು ಗುರ್ರ್ ಅಂತ ಟ್ಯಾಕ್ಸಿ ತರ ಒಂಟ್ರೆ ನನ್ನ ಮರ್ಯಾದೆ ಏನಾಗ್ಬೇಡ? ನಾನೂ ಇವತ್ತು ಆಫ್ ಮಾಡ್ದೆ. ಒಬ್ಬ ನೆಂಟನೂ ಬರ್ಲಿಲ್ಲ. ಯಾಕೇಳಿ? ಕೀ ತಿರುಗ್ಸಿದ್ರೆ ಒಂಟೋಯ್ತದೆ ಅಂತ ಎಲ್ರಿಗೂ ಗೊತ್ತು. ನಿಮ್ದು ನಿಜ್ವಾಗ್ಲೂ ಸತ್ತೋಗಿತ್ತು. ನಿಜವಾಗಿ ಸತ್ರೇನೇ ಜನ ಬರಾದು." ಅವರ ದನಿ ಇನ್ನೂ ಇಳಿಯಿತು. "ಎಲೆಕ್ಟ್ರಾನಿಕ್ ಆಕ್ಸಿದ ಕಾರು ಸ್ಟಾರ್ಟೇ ಆಗದಂಗೆ ಮಾಡೋಕೆ ಯಾವ ವೈರು ಬಿಚ್ಬೇಕು? ನಂಗೊಬ್ಬನ್ಗೆ ಏಳ್ಕೊಡಿ."

ರಾಯರಿಗೆ ಯಾವ ವೈರು ಎಂಬುದು ಗೊತ್ತಿರಲಿಲ್ಲ. ಆದರೆ ಬಾಡಿದ್ದ ಅವರ ಮುಖ ನನ್ನ ಕಣ್ಣೆದುರಿಗೇ ಅರಳಿತು. ದೊನ್ನೆ ಎತ್ತಿ ಪಾಯಸವನ್ನು ನಿಧಾನವಾಗಿ, ಕೊನೆಯ ತೊಟ್ಟಿನವರೆಗೂ ಕುಡಿದರು. ಬಾಯಿ ಒರೆಸಿಕೊಂಡರು.

"ಹೇಳೋದಿಲ್ಲ," ಎಂದರು.

ಸಿದ್ದಲಿಂಗಸ್ವಾಮಿ ತಮ್ಮ ಪಾಯಸ ಮುಟ್ಟದೆ ಎದ್ದು ಕೈ ತೊಳೆಯಲು ಹೋದರು.